ಅಪ್ಪನ ಲ್ಯಾಪ್‌ಟಾಪ್‌ಗೆ ಯಾವ ಡೆಸ್ಕ್‌ಟಾಪ್?

ಪ್ರಶ್ನೆ: ಅಪ್ಪನ ಲ್ಯಾಪ್‌ಟಾಪ್ ಹಳೆಯದು. ಕೋರ್ 2 ಡ್ಯುಯೋ, 2 ಜಿಬಿ ರ‍್ಯಾಮ್, ವಿಂಡೋಸ್ 7. ಯಕ್ಷಗಾನದ ಪ್ರಸಂಗಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುತ್ತಾರೆ. ಈಗ ತೀರಾ ನಿಧಾನ. ವಿಂಡೋಸ್ ತೆಗೆದು ಲಿನಕ್ಸ್ ಹಾಕಿ ಐಸ್‌ಡಬ್ಲ್ಯುಎಂ ಬಳಸು ಎನ್ನುತ್ತಾನೆ ಗೆಳೆಯ. ಹಾಕಲೇ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಲಿನಕ್ಸ್ ಖಂಡಿತ ಹಾಕಿ. ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿದೆ. ಪರದೆಯ ಮೇಲಿನ ಕಿಟಕಿ, ಮೆನುಗಳನ್ನು ನಡೆಸುವ ‘ಡೆಸ್ಕ್‌ಟಾಪ್’ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ನಾವೇ ಆರಿಸಿಕೊಳ್ಳಬಹುದು. ಆದರೆ ನಿಮ್ಮ ಅಪ್ಪನಿಗೆ ಐಸ್‌ಡಬ್ಲ್ಯುಎಂ ಬೇಡ, ಎಕ್ಸ್‌ಎಫ್‌ಸಿಇ ಹಾಕಿ.

ಐಸ್‌ಡಬ್ಲ್ಯುಎಂ ನನಗೂ ಇಷ್ಟವೇ. ನಮ್ಮ ದೊಡ್ಡಮ್ಮನ 1 ಜಿಬಿ ನೆಟ್‌ಬುಕ್‌ಗೆ ಹಾಕಿಕೊಟ್ಟಿದ್ದೆ, ಚಕಚಕನೆ ಓಡುತ್ತಿತ್ತು. ಮಾರನೆಯ ಬೆಳಿಗ್ಗೆ ಫೋನ್ ಬಂತು: “ನಿನ್ನೆ ಬರ್ತಿದ್ದ ಕನ್ನಡ ಇವತ್ತು ಬರ್ತಾ ಇಲ್ವಲ್ಲೋ!” ಐಸ್‌ಡಬ್ಲ್ಯುಎಂ ಬರೀ ವಿಂಡೋ ಮ್ಯಾನೇಜರ್. ಕಿಟಕಿ, ಮೆನು, ಕೆಳಗಿನ ಪಟ್ಟಿ ಇಷ್ಟನ್ನು ನೋಡಿಕೊಳ್ಳುತ್ತದೆ. ಕನ್ನಡ ಟೈಪಿಂಗಿಗೆ ಬೇಕಾದ ಐಬಸ್ ಎಂಬ ತಂತ್ರಾಂಶ ಪ್ರತಿಸಲ ತಾನಾಗಿ ಶುರುವಾಗಬೇಕಾದರೆ ಸ್ಟಾರ್ಟಪ್ ಫೈಲ್‌ನಲ್ಲಿ ನಾವೇ ಒಂದು ಸಾಲು ಬರೆಯಬೇಕು. ನಾನು ಬರೆದಿರಲಿಲ್ಲ. ಪಾಪ, ಅವರಿಗೆ ಏನಾಯಿತೆಂದು ತಿಳಿಯುವುದಾದರೂ ಹೇಗೆ?

ಎಕ್ಸ್‌ಎಫ್‌ಸಿಇ ಪೂರ್ತಿ ಡೆಸ್ಕ್‌ಟಾಪ್. 1996ರಿಂದ ಬೆಳೆದುಬಂದದ್ದು, ಆದರೂ ಮೈ ಬೆಳೆಸಿಕೊಂಡಿಲ್ಲ. ಐಬಸ್ಸನ್ನು ಸೆಟ್ಟಿಂಗ್ಸ್‌ನಲ್ಲೇ ಆಟೋಸ್ಟಾರ್ಟ್‌ಗೆ ಸೇರಿಸಬಹುದು. ಕೋರ್ 2 ಡ್ಯುಯೋ 64 ಬಿಟ್ ಪ್ರೊಸೆಸರ್, ಹಾಗಾಗಿ ಲಿನಕ್ಸ್‌ನ ಒಂದು ಬಗೆಯಾದ ಡೆಬಿಯನ್ 13 ನಡೆಯುತ್ತದೆ. ಐಬಸ್-ಎಂ17ಎನ್ ಹಾಕಿದರೆ ನುಡಿಯಲ್ಲಿರುವ ಕಗಪ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ, ನುಡಿಗೆ ಒಗ್ಗಿದ ಬೆರಳಿಗೆ ಅದೇ ಸರಿ. ಗುಬ್ಬಿ, ನವಿಲು ಫಾಂಟುಗಳೂ ಡೆಬಿಯನ್‌ನಲ್ಲೇ ಇವೆ.

ಬ್ರೌಸರ್ ಮಾತ್ರ ಯಾವ ಡೆಸ್ಕ್‌ಟಾಪ್ ಹಾಕಿದರೂ ರ‍್ಯಾಮ್ ನುಂಗುತ್ತದೆ. ಎರಡು ಮೂರು ಟ್ಯಾಬ್ ಸಾಕು. ಕೈಯಲ್ಲಿ ದುಡ್ಡಿದ್ದರೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಡೆಸ್ಕ್‌ಟಾಪ್ ಬದಲಿಸುವುದಕ್ಕಿಂತ ಹೆಚ್ಚಿನ ವ್ಯತ್ಯಾಸ ಅದರಿಂದಲೇ ಕಾಣುತ್ತದೆ.

ಇಷ್ಟೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ಹಳೆಯ ಪ್ರಸಂಗಗಳು ನುಡಿಯ ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗಳೂ ಓದಬಲ್ಲ ಅಕ್ಷರ ಸಂಕೇತ) ಅಲ್ಲದ ಫಾಂಟಿನಲ್ಲಿದ್ದರೆ ಲಿನಕ್ಸ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ನುಡಿಯ ಪರಿವರ್ತಕದಲ್ಲಿ ಎಲ್ಲವನ್ನೂ ಯುನಿಕೋಡ್‌ಗೆ ತಂದು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯೇ ಎಂದು ಓದಿಸಿ. ಮೂಲ ಫೈಲ್‌ಗಳನ್ನೂ ಸೇರಿಸಿ ಎರಡು ಪೆನ್‌ಡ್ರೈವ್‌ಗೆ ಹಾಕಿ. ಆಮೇಲೆ ಡಿಸ್ಕ್ ಅಳಿಸಿ.