ಮನೆಯಲ್ಲಿ ಕುಕೀಸ್ ಮಾಡಿ ಮಾರುತ್ತೇನೆ. ಹಬ್ಬದ ಸೀಸನ್‌ನಲ್ಲಿ ಆದಾಯ ಹೆಚ್ಚಿಸೋದು ಹೇಗೆ?

ನಿಮ್ಮ ಪ್ರಶ್ನೆ ಓದಿ ನನ್ನ ಮೊದಲ ವರ್ಷ ಕಣ್ಮುಂದೆ ಬಂತು. ಹೋದ ದೀಪಾವಳಿಗೆ ಹನ್ನೊಂದು ಬಗೆ ಕುಕೀಸ್ ಇಟ್ಟಿದ್ದಿರಿ, ಹದಿನೈದು ದಿನ ನಿದ್ದೆಗೆಟ್ಟಿರಿ, ಲೆಕ್ಕ ಹಾಕಿದಾಗ ಕೈಗೆ ಉಳಿದದ್ದು ಅಷ್ಟಕ್ಕಷ್ಟೆ ಅಂತ ಬರೆದಿದ್ದೀರಿ. ಈ ಸಲ ಇನ್ನೂ ಜಾಸ್ತಿ ಆರ್ಡರ್ ಹಿಡಿಯೋದು ಹೇಗೆ, ಎರಡನೇ ಓವನ್ ತಗೋಬೇಕಾ ಅಂತ ಕೇಳಿದ್ದೀರಿ.

ನಾನು ಮೈಸೂರಿನಲ್ಲಿ ಮನೆಯಿಂದಲೇ ಬಿಸ್ಕತ್ತು ಮಾಡಿ ಮಾರುತ್ತಿದ್ದೇನೆ. ಆರ್ಡರ್ ಹಿಡಿಯುವ ಮಾತು ಆಮೇಲೆ. ಮೊದಲು ನಿಮ್ಮ ಓವನ್ ದಿನಕ್ಕೆ ಎಷ್ಟು ಕೊಡುತ್ತೆ ಅನ್ನೋದನ್ನ ಅಳೆಯಿರಿ. ನನ್ನ ಹತ್ತಿರ ಇರೋದು 40 ಲೀಟರ್‌ನ ಓಟಿಜಿ, ಅಂದರೆ ಮನೆಯಲ್ಲಿ ಬಳಸುವ ಕರೆಂಟ್ ಓವನ್. ಒಂದು ಟ್ರೇಗೆ 20 ಬಿಸ್ಕತ್ತು. ಎರಡು ಟ್ರೇ ಒಟ್ಟಿಗೆ ಇಟ್ಟರೆ ಕೆಳಗಿನದ್ದು ಸೀಯುತ್ತೆ, ಮೇಲಿನದ್ದು ಬಿಳಿಚಿಕೊಂಡಿರುತ್ತೆ, ಹಾಗಾಗಿ ಒಂದೇ ಇಡುತ್ತೇನೆ. ಬೇಯೋಕೆ 18 ನಿಮಿಷ, ತೆಗೆದು ಇನ್ನೊಂದು ಇಟ್ಟು ಶಾಖ ಮತ್ತೆ ಏರುವಷ್ಟರಲ್ಲಿ 24 ನಿಮಿಷ. ಎಂಟು ಗಂಟೆ ಬಿಡದೆ ಉರಿಸಿದರೆ 20 ಟ್ರೇ, ಅಂದರೆ 400 ಬಿಸ್ಕತ್ತು. ಬೆಂದ ಮೇಲೆ ಒಂದೊಂದು 18 ಗ್ರಾಂ ತೂಗುತ್ತೆ. 250 ಗ್ರಾಂ ಬಾಕ್ಸ್‌ಗೆ 14 ಬೇಕು. ಹಾಗಾದರೆ ದಿನಕ್ಕೆ 28 ಬಾಕ್ಸ್, ಅಷ್ಟೇ. ನಾನು ಎಷ್ಟೇ ಓಡಾಡಿದರೂ 29ನೇ ಬಾಕ್ಸ್ ಹುಟ್ಟಲ್ಲ.

ಮೊದಲ ವರ್ಷ ಆ 28 ಬಾಕ್ಸನ್ನ ತಲಾ 120 ರೂಪಾಯಿಗೆ ಕೊಟ್ಟೆ. ಬೆಣ್ಣೆ, ಮೈದಾ, ಸಕ್ಕರೆ, ಬಾದಾಮಿ ಸೇರಿ 65 ರೂಪಾಯಿ. ಬಾಕ್ಸ್‌ಗೆ 25. ಲೇಬಲ್ ಮತ್ತು ಕರೆಂಟ್‌ಗೆ 8. ಉಳಿದದ್ದು 22 ರೂಪಾಯಿ. ದಿನಕ್ಕೆ 616. ಹಿಟ್ಟು ಕಲಸೋದು, ಪ್ಯಾಕಿಂಗ್, ಪಾತ್ರೆ ತೊಳೆಯೋದು ಎಲ್ಲ ಸೇರಿ ಹನ್ನೆರಡು ಗಂಟೆ ನಿಂತೇ ಇರುತ್ತಿದ್ದೆ. ಗಂಟೆಗೆ 50 ರೂಪಾಯಿ ಬಿತ್ತು. ಆ ಲೆಕ್ಕವನ್ನ ಹಬ್ಬ ಮುಗಿದ ಮೇಲೆ ಬರೆದು ನೋಡಿದಾಗ ನಿಜಕ್ಕೂ ಅಳು ಬಂದಿತ್ತು. ನಿಮಗೂ ಇದೇ ಆಗಿದೆ ಅನ್ನಿಸುತ್ತೆ. ಈ ದರದಲ್ಲಿ ಆರ್ಡರ್ ಜಾಸ್ತಿ ಹಿಡಿದರೆ ಸುಸ್ತು ಮಾತ್ರ ಜಾಸ್ತಿ.

ಹಾಗಾಗಿ ಒಂದೊಂದು ಟ್ರೇಯಿಂದ ಎಷ್ಟು ದುಡ್ಡು ಬರುತ್ತೆ ಅಂತ ನೋಡಿ. ಹನ್ನೊಂದು ಬಗೆ ಇಡಬೇಡಿ. ಬಗೆ ಬದಲಾದಾಗಲೆಲ್ಲ ಪಾತ್ರೆ ತೊಳೆಯಬೇಕು, ಶಾಖ ಬದಲಿಸಬೇಕು, ಆ ಹೊತ್ತಲ್ಲಿ ಓವನ್ ಸುಮ್ನೆ ಉರಿಯುತ್ತಿರುತ್ತೆ. ನಾನು ಈಗ ಹಬ್ಬಕ್ಕೆ ಮೂರೇ ಮಾಡೋದು: ಬೆಣ್ಣೆ ಬಿಸ್ಕತ್ತು, ರಾಗಿ ಬೆಲ್ಲದ್ದು, ಖಾರ ಬಿಸ್ಕತ್ತು. ಮೂರೂ ಹೆಚ್ಚು ಕಡಿಮೆ ಒಂದೇ ಶಾಖಕ್ಕೆ ಬೇಯುತ್ತವೆ. ಜನ ಬೇರೆ ಬಗೆ ಕೇಳುತ್ತಾರೆ, ನಿಜ. ಹಬ್ಬ ಕಳೆದ ಮೇಲೆ ಮಾಡಿಕೊಡುತ್ತೇನೆ ಅಂದರೆ ಬಹಳಷ್ಟು ಮಂದಿ ಒಪ್ಪುತ್ತಾರೆ.

ಎರಡನೇ ವರ್ಷ ನನಗೆ ಹೊಳೆದ ವಿಷಯ ಇದು. ಓವನ್ ಮುಂದೆ ನಾನು ಕಾಯುತ್ತಾ ನಿಂತಿರುವಾಗ ಪಕ್ಕದಲ್ಲೇ ಒಲೆ ಖಾಲಿ ಇತ್ತು! ಬಾಕ್ಸ್ ಪೂರ್ತಿ ಬಿಸ್ಕತ್ತೇ ಯಾಕೆ ಇರಬೇಕು? ಈಗ ನನ್ನ ಹಬ್ಬದ ಬಾಕ್ಸ್‌ನಲ್ಲಿ 8 ಬಿಸ್ಕತ್ತು, ಜೊತೆಗೆ 110 ಗ್ರಾಂ ನಿಪ್ಪಟ್ಟು. ನಿಪ್ಪಟ್ಟು ಕರಿಯೋಕೆ ಪಕ್ಕದ ಬೀದಿಯ ಒಬ್ಬ ಅಕ್ಕ ಬರುತ್ತಾರೆ, ಕೇಜಿ ಲೆಕ್ಕದಲ್ಲಿ ಕೂಲಿ ಕೊಡುತ್ತೇನೆ. ಅವರ ಕೈರುಚಿ ನನಗಿಂತ ಚೆನ್ನ. ಅದೇ 400 ಬಿಸ್ಕತ್ತಿಗೆ ಈಗ ದಿನಕ್ಕೆ 50 ಬಾಕ್ಸ್ ಆಗುತ್ತೆ. ಅಕ್ಕನ ಕೂಲಿ, ಸ್ವಲ್ಪ ಒಳ್ಳೆಯ ಬಾಕ್ಸ್, ಎಲ್ಲ ಸೇರಿ ಒಂದಕ್ಕೆ ಸುಮಾರು 110 ರೂಪಾಯಿ ಖರ್ಚು. 220ಕ್ಕೆ ಕೊಡುತ್ತೇನೆ. ಖಾರ ಸಿಹಿ ಎರಡೂ ಇರೋದರಿಂದ ಮನೆ ಮಂದಿಗೆಲ್ಲ ಆಗುತ್ತೆ ಅಂತ ಜನ ಖುಷಿಯಿಂದಲೇ ಕೊಳ್ಳುತ್ತಾರೆ. ಒಂದು ಎಚ್ಚರಿಕೆ: ನಿಪ್ಪಟ್ಟನ್ನ ಬೇರೆ ಕವರ್‌ಗೆ ಹಾಕಿ ಸೀಲ್ ಮಾಡಲೇಬೇಕು. ಇಲ್ಲದಿದ್ದರೆ ಇಂಗು, ಎಣ್ಣೆ ವಾಸನೆ ಬೆಣ್ಣೆ ಬಿಸ್ಕತ್ತಿಗೆ ಹತ್ತಿಬಿಡುತ್ತೆ. ನಿಮ್ಮ ಕಡೆ ಕೋಡುಬಳೆ, ಚಕ್ಕುಲಿ ಚೆನ್ನಾಗಿ ಹೋಗೋದಾದರೆ ಅದನ್ನೇ ಹಾಕಿ.

ದರದ ಬಗ್ಗೆ ಹೆದರಬೇಡಿ. ಅಯ್ಯಂಗಾರ್ ಬೇಕರಿಯಲ್ಲಿ ಬೆಣ್ಣೆ ಬಿಸ್ಕತ್ತು ನಮಗಿಂತ ಅಗ್ಗಕ್ಕೆ ಸಿಗುತ್ತೆ, ಸಿಗಲಿ. ಅವರ ದೊಡ್ಡ ಓವನ್ ಜೊತೆ ನಮ್ಮ ಓಟಿಜಿ ಪೈಪೋಟಿ ಮಾಡೋಕಾಗಲ್ಲ. ನಮ್ಮ ಹತ್ತಿರ ಬರುವವರು ಮನೆಯಲ್ಲಿ ಮಾಡಿದ್ದು, ಡಾಲ್ಡಾ ಇಲ್ಲದ್ದು, ಕೈಗೆ ಕೊಡೋಕೆ ಚೆಂದ ಕಾಣೋದು ಬೇಕು ಅಂತ ಬರುತ್ತಾರೆ. ಡಾಲ್ಡಾ ಇಲ್ಲ ಅಂತ ಹೇಳಿದ ಮೇಲೆ ನಿಜವಾಗಿ ಬೆಣ್ಣೆಯನ್ನೇ ಹಾಕಿ, ಎಷ್ಟೇ ತುಟ್ಟಿಯಾದರೂ.

ಇನ್ನು ಆರ್ಡರ್. ನಮ್ಮಲ್ಲಿ ಬಹಳ ಜನ ದೀಪಾವಳಿಯೊಂದನ್ನೇ ನೋಡುತ್ತಾರೆ, ಆಯುಧಪೂಜೆ ಬಿಟ್ಟುಬಿಡುತ್ತಾರೆ. ಆಫೀಸು, ಗ್ಯಾರೇಜು, ಸಣ್ಣ ಫ್ಯಾಕ್ಟರಿ ಎಲ್ಲೆಡೆ ಪೂಜೆ ಮಾಡಿ ಕೆಲಸದವರಿಗೆ ಸಿಹಿ ಹಂಚುತ್ತಾರಲ್ವಾ? ನನ್ನ ದೊಡ್ಡ ಆರ್ಡರ್‌ಗಳು ಬರೋದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಿಂದ, ಅದೂ ಆಯುಧಪೂಜೆಗೆ. ಒಂದು ತಿಂಗಳು ಮುಂಚೆ ಗಣೇಶನ ಹಬ್ಬ ಮುಗಿದ ಕೂಡಲೇ ಎರಡೆರಡು ಬಿಸ್ಕತ್ತಿನ ಚಿಕ್ಕ ಪೊಟ್ಟಣ ಹಿಡಿದು ಹೋಗುತ್ತೇನೆ. ಆಫೀಸಿನಲ್ಲಿ ಖರೀದಿ ನೋಡಿಕೊಳ್ಳುವವರ ಕೈಗೆ ಕೊಟ್ಟು, ದರದ ಚೀಟಿ ಇಟ್ಟು ಬರುತ್ತೇನೆ. ದರ ಇಳಿಸಿ ಅಂತ ಕೇಳೇ ಕೇಳುತ್ತಾರೆ. ದರ ಇಳಿಸುವ ಬದಲು ಬಾಕ್ಸ್ ಮೇಲೆ ಅವರ ಹೆಸರಿನ ಕಾರ್ಡ್ ಅಂಟಿಸಿಕೊಡುತ್ತೇನೆ. ಕಾರ್ಡ್‌ಗೆ ಎರಡು ರೂಪಾಯಿ ಆಗುತ್ತೆ, ಹತ್ತು ಪರ್ಸೆಂಟ್ ಬಿಟ್ಟರೆ 22 ರೂಪಾಯಿ ಹೋಗುತ್ತೆ.

ಆಫೀಸಿನವರಿಂದ ಇನ್ನೊಂದು ಅನುಕೂಲ ಇದೆ. ರಜೆ ಶುರುವಾಗುವ ಮೊದಲೇ ಹಂಚಬೇಕಾದ್ದರಿಂದ ಅವರಿಗೆ ಎರಡು ಮೂರು ದಿನ ಮುಂಚೆ ಬೇಕು. ಮನೆಯವರಿಗೆ ಹಬ್ಬದ ಹಿಂದಿನ ದಿನ ಸಾಕು. ಹೀಗೆ ಕೆಲಸ ಹಂಚಿಹೋಗುತ್ತೆ. 2025ರಲ್ಲಿ ಆಯುಧಪೂಜೆ ಅಕ್ಟೋಬರ್ 1ಕ್ಕೆ, ನರಕ ಚತುರ್ದಶಿ 20ಕ್ಕೆ ಬಂದಿತ್ತು, ನಡುವೆ ಮೂರು ವಾರವೂ ಇರಲಿಲ್ಲ. ಕ್ಯಾಲೆಂಡರ್ ಎದುರಿಗಿಟ್ಟು ದಿನಕ್ಕೆ 50ರಂತೆ ಬರೆದುಕೊಂಡು, ಆ ಸಂಖ್ಯೆ ತುಂಬಿದ ದಿನ ಆರ್ಡರ್ ನಿಲ್ಲಿಸಿದೆ. ಹಬ್ಬಕ್ಕೆ ಎಂಟು ದಿನ ಇರುವಾಗಲೇ ವಾಟ್ಸಾಪ್ ಸ್ಟೇಟಸ್‌ನಲ್ಲಿ ಆರ್ಡರ್ ಮುಗಿದಿದೆ ಅಂತ ಹಾಕಿದೆ. ಅರ್ಧ ದುಡ್ಡು ಮುಂಗಡ ಬಂದರೆ ಮಾತ್ರ ಪುಸ್ತಕದಲ್ಲಿ ಹೆಸರು. ನೆಂಟರಿಗೂ ಇದೇ ನಿಯಮ. ಮೊದಲು ಹೇಳೋಕೆ ಸಂಕೋಚ ಆಗುತ್ತಿತ್ತು, ಈಗ ಇಲ್ಲ.

ಹಿಟ್ಟನ್ನು ಮುಂಚೆಯೇ ಕಲಸಿ, ಉದ್ದಕ್ಕೆ ಉರುಳೆ ಮಾಡಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಫ್ರೀಜರ್‌ನಲ್ಲಿ ಇಡಬಹುದು. ಹತ್ತು ಹದಿನೈದು ದಿನ ಏನೂ ಆಗಲ್ಲ. ಬೆಳಗ್ಗೆ ತೆಗೆದು ಕತ್ತರಿಸಿ ಟ್ರೇಗೆ ಜೋಡಿಸಿದರೆ ಆಯಿತು.

ಈಗ ನಾನು ಮಾಡಿದ ಒಂದು ತಪ್ಪು ಹೇಳುತ್ತೇನೆ, ನಿಮಗೆ ಹಾಗಾಗೋದು ಬೇಡ. ಒಂದು ಆಯುಧಪೂಜೆಗೆ 60 ಬಾಕ್ಸ್ ಆರ್ಡರ್. ಸಂಜೆಯಿಂದ ಮಳೆ ಜಡಿಯುತ್ತಿತ್ತು. ರಾತ್ರಿ ಹನ್ನೊಂದಾಯಿತು, ಬೇಗ ಮುಗಿಸೋಣ ಅಂತ ಇನ್ನೂ ಬೆಚ್ಚಗಿದ್ದ ಬಿಸ್ಕತ್ತನ್ನೇ ಕವರ್‌ಗೆ ಹಾಕಿ ಸೀಲ್ ಮಾಡಿದೆ. ಬೆಳಗ್ಗೆ ನೋಡಿದರೆ ಕವರ್ ಒಳಗೆಲ್ಲ ಮಂಜು ಕಟ್ಟಿದ ಹಾಗೆ ನೀರು. ಒಂದು ಬಿಸ್ಕತ್ತು ತೆಗೆದು ಮುರಿದೆ. ಲಟಕ್ ಅನ್ನಲಿಲ್ಲ, ಮೆತ್ತಗೆ ಬಾಗಿತು. ಅಷ್ಟೂ ಕವರ್ ಕತ್ತರಿಸಿ, 120 ಡಿಗ್ರಿಯಲ್ಲಿ ಹತ್ತತ್ತು ನಿಮಿಷ ಮತ್ತೆ ಒಣಗಿಸಿದೆ. ಗರಿಗರಿ ಏನೋ ಆಯಿತು, ಆದರೆ ತಲುಪಿಸಿದಾಗ ಸಂಜೆ ನಾಲ್ಕು. ಅಷ್ಟರಲ್ಲಿ ಪೂಜೆ ಮುಗಿದು ಅರ್ಧ ಜನ ಮನೆಗೆ ಹೋಗಿದ್ದರು. ಮಾತಿನಂತೆ ದುಡ್ಡು ಕೊಟ್ಟರು, ಮುಂದಿನ ವರ್ಷ ಕರೆಯಲಿಲ್ಲ. ಈಗ ಜಾಲರಿ ಮೇಲೆ ಒಂದು ಗಂಟೆ ಪೂರ್ತಿ ಆರಿಸದೆ ಒಂದೂ ಪ್ಯಾಕ್ ಮಾಡಲ್ಲ.

ಕಾಗದ ಪತ್ರ ಸರಿ ಇರಲಿ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮನೆ ವ್ಯಾಪಾರಕ್ಕೂ ಬೇಕು. ಆನ್‌ಲೈನ್‌ನಲ್ಲೇ ಮಾಡಿಸಬಹುದು. ಆ 14 ಅಂಕಿಯ ಸಂಖ್ಯೆ, ತೂಕ, ಏನೇನು ಹಾಕಿದೆ, ತಯಾರಿಸಿದ ದಿನ, ಯಾವಾಗಿನವರೆಗೆ ತಿನ್ನಬಹುದು ಅನ್ನೋದು ಲೇಬಲ್ ಮೇಲೆ ಇರಲಿ. ಆಫೀಸಿನವರು ಮೊದಲು ನೋಡೋದೇ ಇದನ್ನ. ಮೊಟ್ಟೆ ಹಾಕಿದ ಕುಕೀಸ್‌ಗೆ ಸಸ್ಯಾಹಾರದ ಹಸಿರು ಗುರುತು ಹಾಕುವ ಹಾಗಿಲ್ಲ, ಕಾನೂನಿನ ಪ್ರಕಾರ ಅದು ಮಾಂಸಾಹಾರದ ಲೆಕ್ಕ. ಅದಕ್ಕೇ ದಸರಾ, ದೀಪಾವಳಿಗೆ ನಾನು ಮೊಟ್ಟೆ ಮುಟ್ಟೋದೇ ಇಲ್ಲ. ವ್ಯಾಪಾರದ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. 2025ರಲ್ಲಿ ನಮ್ಮ ರಾಜ್ಯದಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೂ ಜಿಎಸ್‌ಟಿ ನೋಟಿಸ್ ಬಂದದ್ದು ನೆನಪಿರಬಹುದು. ಮನೆ ದುಡ್ಡು, ವ್ಯಾಪಾರದ ದುಡ್ಡು ಕಲೆತುಹೋದರೆ ವಿವರ ಕೊಡೋದು ಕಷ್ಟ.

ದೀಪಾವಳಿ ಆದ ಮೇಲೆ ಅಂಗಡಿ ಮುಚ್ಚಬೇಡಿ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಇದೆ. ಮಂಗಳೂರು ಕಡೆಯ ಕ್ರೈಸ್ತರ ಮನೆಗಳಲ್ಲಿ ಕುಸ್ವಾರ್ ಅಂತ ಬಗೆಬಗೆ ತಿಂಡಿ ಮಾಡಿ ತಟ್ಟೆಯಲ್ಲಿಟ್ಟು ನೆರೆಯವರಿಗೆ ಹಂಚುತ್ತಾರೆ. ಅದರಲ್ಲಿನ ರೋಸ್ ಕುಕೀಸ್ ಅಚ್ಚನ್ನ ಹಿಟ್ಟಿಗೆ ಅದ್ದಿ ಎಣ್ಣೆಯಲ್ಲಿ ಕರಿಯೋದು, ಓವನ್ ಬೇಡವೇ ಬೇಡ. ಅದಾದ ಮೇಲೆ ಸಂಕ್ರಾಂತಿ. ಎಳ್ಳು ಬೆಲ್ಲ ಮಾಡೋಕೆ ಬೆಲ್ಲ, ಕೊಬ್ಬರಿ ಸಣ್ಣಗೆ ಕತ್ತರಿಸಿ ಒಣಗಿಸುವಷ್ಟು ಪುರುಸೊತ್ತು ಈಗ ಎಷ್ಟು ಮನೆಯಲ್ಲಿದೆ? ದೀಪಾವಳಿಗೆ ಕೊಂಡವರ ಹೆಸರು, ಅವರು ಎಷ್ಟು ಬಾಕ್ಸ್ ತಗೊಂಡರು ಅನ್ನೋದನ್ನ ಪುಸ್ತಕದಲ್ಲಿ ಬರೆದಿಡಿ. ಜನವರಿ ಮೊದಲ ವಾರ ಅವರಿಗೇ ಒಂದು ಮೆಸೇಜ್ ಕಳಿಸಿ. ನನಗೆ ಸಂಕ್ರಾಂತಿಯ ಆರ್ಡರ್ ಹೆಚ್ಚಿನದ್ದು ಹಾಗೇ ಬರುತ್ತೆ, ಹೊಸಬರನ್ನ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಎರಡನೇ ಓವನ್ ಈಗಲೇ ಬೇಡ. 2000 ವ್ಯಾಟ್‌ನ ಎರಡು ಓವನ್ ಒಟ್ಟಿಗೆ ಉರಿದರೆ ಮನೆಯ ವೈರಿಂಗ್ ತಡೆಯುತ್ತಾ ಅಂತಲೂ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ಈ ಸೀಸನ್ ಬಾಕ್ಸ್ ಬದಲಿಸಿ, ದರ ಸರಿಮಾಡಿ ನೋಡಿ. ನಿಮ್ಮ ಓವನ್ ಎಷ್ಟು ಲೀಟರ್, ಒಂದು ಟ್ರೇಗೆ ಎಷ್ಟು ಕೂರುತ್ತೆ, ಈಗ ಯಾವ ದರಕ್ಕೆ ಕೊಡುತ್ತಿದ್ದೀರಿ ಅಂತ ಕೆಳಗೆ ಬರೆಯಿರಿ. ದಿನಕ್ಕೆ ಎಷ್ಟು ಬಾಕ್ಸ್ ಒಪ್ಪಿಕೊಳ್ಳಬಹುದು ಅಂತ ಲೆಕ್ಕ ಹಾಕಿಕೊಡುತ್ತೇನೆ.