ಲ್ಯೂಮಿನಾಲ್ ಹೊಳೆದರೆ ರಕ್ತವೇ ಅಂತಲ್ಲ

ನೀವು ನೋಡಿದ ಕ್ರೈಮ್ ಸೀರಿಯಲ್‌ನ ಎಪಿಸೋಡ್‌ನಲ್ಲಿ ಬ್ಲೀಚ್ ಹಾಕಿ ತೊಳೆದ ಅಡುಗೆಮನೆ ನೆಲಕ್ಕೆ ಲ್ಯೂಮಿನಾಲ್ (ರಕ್ತದ ಕಲೆ ಹುಡುಕೋಕೆ ಬಳಸುವ ರಾಸಾಯನಿಕ) ಹೊಡೆದು, ನೀಲಿ ಬೆಳಕು ಕಂಡ ಕೂಡಲೇ ಇನ್‌ಸ್ಪೆಕ್ಟರ್ ‘ಇದು ಗಂಡನದೇ ರಕ್ತ’ ಅಂದದ್ದು ಸರಿಯಾ ಅಂತ ಕೇಳಿದ್ದೀರಿ. ಸರಿಯಲ್ಲ. ಯಾರ ರಕ್ತ ಅನ್ನೋದಿರಲಿ, ಮನುಷ್ಯರದಾ ಕುರಿಯದಾ ಅಂತಲೂ ಆ ಬೆಳಕು ಹೇಳಲ್ಲ.

ಲ್ಯೂಮಿನಾಲ್ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತೆ. ಹಿಮೋಗ್ಲೋಬಿನ್‌ನ ಕಬ್ಬಿಣ ಆ ಕ್ರಿಯೆಯನ್ನು ಚುರುಕು ಮಾಡಿದಾಗ ಹೊಳಪು ಬರುತ್ತೆ. ತಾಮ್ರವೂ ಅದೇ ಕೆಲಸ ಮಾಡುತ್ತೆ, ಮೂಲಂಗಿ ರಸವೂ ಮಾಡುತ್ತೆ. ನಮ್ಮ ಅಡುಗೆಮನೆಗಳಲ್ಲಿ ಎರಡಕ್ಕೂ ಬರವಿಲ್ಲ. ಬ್ಲೀಚ್ ಅಂತೂ ಪಟಕ್ಕನೆ ಮಿಂಚಿ ಬೇಗ ಆರುತ್ತೆ. ರಕ್ತದ್ದು ಒಂದೇ ಸಮನಾದ ಹೊಳಪು, ಸುಮಾರು 30 ಸೆಕೆಂಡ್. ತೊಳೆದ ನೆಲ ಒಂದೆರಡು ದಿನ ಒಣಗಿದರೆ ಬ್ಲೀಚಿನ ಕಾಟ ಕಡಿಮೆ. ಟ್ಯೂಬ್‌ಲೈಟ್ ಉರಿಯುತ್ತಿರುವಾಗಲೇ ಹೊಳೆದದ್ದು ನಿರ್ದೇಶಕರ ಕೃಪೆ. ನಿಜಕ್ಕೆ ಗಾಢ ಕತ್ತಲೆ ಬೇಕು.

ಆಮೇಲೆ ಫಿನಾಲ್ಫ್ತಲೀನ್ ಪರೀಕ್ಷೆ, ಅಂದರೆ ಕಲೆ ರಕ್ತದ್ದಿರಬಹುದಾ ಅಂತ ಗುಲಾಬಿ ಬಣ್ಣದಿಂದ ನೋಡೋದು. ಕಲೆ ಒರೆಸಿದ ಹತ್ತಿಗೆ ಮೊದಲು ಆ ದ್ರಾವಣದ ಹನಿ, ಸ್ವಲ್ಪ ಕಾದು ಪೆರಾಕ್ಸೈಡ್. ಪೆರಾಕ್ಸೈಡ್ ಬೀಳುವ ಮುಂಚೆಯೇ ಗುಲಾಬಿ ಬಣ್ಣ ಬಂದರೆ ಅದನ್ನು ರಕ್ತ ಅಂತ ಲೆಕ್ಕಕ್ಕೆ ಹಿಡಿಯಲ್ಲ, ಬ್ಲೀಚ್‌ನಂಥದ್ದೇನೋ ಇದೆ ಅಂತರ್ಥ.

ಇನ್ನೊಂದು ತಪ್ಪು ನೀವು ಗಮನಿಸಿಲ್ಲ: ಹಸಿ ಹತ್ತಿಯನ್ನು ಪ್ಲಾಸ್ಟಿಕ್ ಕವರ್‌ಗೆ ತುರುಕಿದರು. ಹಾಗೆ ಮಾಡಿದರೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತೆ. ನೆರಳಲ್ಲಿ ಒಣಗಿಸಿ ಕಾಗದದ ಕವರ್‌ನಲ್ಲಿ ಸೀಲ್ ಮಾಡಬೇಕು. ಬೆಂಗಳೂರಿನ ಕೇಸಾದರೆ ಮಡಿವಾಳದ ಎಫ್‌ಎಸ್‌ಎಲ್‌ಗೆ (ವಿಧಿವಿಜ್ಞಾನ ಪ್ರಯೋಗಾಲಯ) ಕಳಿಸಿ, ಅಲ್ಲಿ ಗಂಡನ ಡಿಎನ್‌ಎ ಜೊತೆ ತಾಳೆಯಾದ ಮೇಲೆ ಇನ್‌ಸ್ಪೆಕ್ಟರ್ ಆ ಡೈಲಾಗ್ ಹೊಡೆಯಬಹುದಿತ್ತು.