ಓದುಗರ ಪ್ರಶ್ನೆ: ಮನೆಮಂದಿಯ ಮೊದಲ ಮರಗೆಲಸ

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಮಕ್ಕಳ ಜೊತೆ (ಮಗಳಿಗೆ 7, ಮಗನಿಗೆ 12) ಮರದಲ್ಲಿ ಏನಾದರೂ ಮಾಡುವ ಆಸೆ. ಅಜ್ಜನೂ ಕೈಜೋಡಿಸುತ್ತಾರೆ. ಪುಸ್ತಕದ ಕಪಾಟಿನಿಂದ ಶುರು ಮಾಡಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಕಪಾಟು ಸದ್ಯಕ್ಕೆ ಬೇಡ. ಅದರ ಎಲ್ಲ ಮೂಲೆಗಳೂ ಮಟ್ಟಸವಾಗಿ ಕೂಡಬೇಕು. ಒಂದು ಹಲಗೆ 2 ಮಿ.ಮೀ. ಗಿಡ್ಡವಾದರೂ ಇಡೀ ಕಪಾಟು ಓಲಾಡುತ್ತದೆ. ಮೊದಲ ಕೆಲಸ ಆರಿಸುವಾಗ ನೋಡಬೇಕಾದ್ದು ಇದನ್ನೇ: ಅಷ್ಟು ತಪ್ಪನ್ನು ಅದು ತಾಳಿಕೊಳ್ಳುತ್ತದೆಯೇ? ಗುಬ್ಬಚ್ಚಿ ಗೂಡು ತಾಳಿಕೊಳ್ಳುತ್ತದೆ. ಸಂದಿ ಉಳಿದರೆ ಗಾಳಿಯಾಡುತ್ತದೆ, ಗುಬ್ಬಿಯೇನೂ ದೂರು ಕೊಡುವುದಿಲ್ಲ.

150 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ 5 ಅಡಿ ಹಲಗೆ ಒಂದು ಸಾಕು. ಹಿಂಬದಿಗೆ 350 ಮಿ.ಮೀ., ಮುಂಬದಿಗೆ 194, ಮಾಡಿಗೆ (ಚಾವಣಿಗೆ) 210, ತಳಕ್ಕೆ 114. ಎರಡು ಪಕ್ಕಗಳಿಗೆ 450ರ ಒಂದೇ ತುಂಡು ತೆಗೆದು, ಒಂದು ಅಂಚಿನಲ್ಲಿ 250ಕ್ಕೂ ಎದುರು ಅಂಚಿನಲ್ಲಿ ಅದೇ ತುದಿಯಿಂದ 200ಕ್ಕೂ ಗುರುತು ಹಾಕಿ, ಓರೆಯಾಗಿ ಕೊಯ್ಯಿರಿ. ಇಳಿಜಾರಿನ ಎರಡು ಪಕ್ಕಗಳು ಒಂದೇ ಕೊಯ್ತದಲ್ಲಿ ಸಿಗುತ್ತವೆ. ಮುಂಬದಿ 200 ಇರದೆ 194 ಏಕೆಂದರೆ, ಅದು ಪಕ್ಕಗಳ ಎದುರಿಗೆ ಕೂರುತ್ತದೆ, ಮಾಡು ಅಲ್ಲಿಗೆ ಬರುವಷ್ಟರಲ್ಲಿ ಇನ್ನೂ 6 ಮಿ.ಮೀ. ಇಳಿದಿರುತ್ತದೆ. ತಳವನ್ನು ಕೊನೆಗೆ ಕೊಯ್ಯಿರಿ. 6 ಇಂಚು ಎಂದು ಕೊಟ್ಟ ಹಲಗೆ ಹತ್ತರಿ ಹೊಡೆದು ನುಣುಪು ಮಾಡಿದ ಮೇಲೆ 140ಕ್ಕೆ ಇಳಿದಿರುವುದುಂಟು. ಹಲಗೆಯ ಅಗಲದಲ್ಲಿ ಎರಡು ದಪ್ಪ ಕಳೆದರೆ ತಳದ ಅಳತೆ ಬರುತ್ತದೆ.

ಬಾಗಿಲ ತೂತು 32 ಮಿ.ಮೀ. ಇರಲಿ, ಅದರ ನಡು ಕೆಳ ಅಂಚಿನಿಂದ 160 ಮಿ.ಮೀ. ಮೇಲಿರಲಿ. ಇದಕ್ಕೆ ಡ್ರಿಲ್‌ಗೆ ಸಿಕ್ಕಿಸುವ ದುಂಡು ಗರಗಸ (ಹೋಲ್‌ಸಾ) ಬೇಕು. ಹಿಂದೆ ಒಂದು ಬೇಡದ ಹಲಗೆ ಒತ್ತಿಟ್ಟು ಕೊರೆಯದಿದ್ದರೆ ಹೋಲ್‌ಸಾ ಹೊರಬರುವಾಗ ಮರ ಸಿಬಿರೇಳುತ್ತದೆ. ತಳದಲ್ಲಿ ನೀರಿಳಿಯಲು 6 ಮಿ.ಮೀ.ನ ನಾಲ್ಕು ತೂತು. ಮಾಡನ್ನು ಹಿಂಬದಿಗೆ ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಜೋಡಿಸಿ, ಮುಂದೆ ಒಂದು ಸ್ಕ್ರೂ ಹಾಕಿ. ಮರಿಗಳು ಹಾರಿಹೋದ ಮೇಲೆ ತೆರೆದು ಗುಡಿಸಬಹುದು. ಕೂರಲು ಕಡ್ಡಿ ಬೇಡ, ಗುಬ್ಬಿಗೆ ಅದು ಬೇಕಿಲ್ಲ, ಬೇಟೆಯಾಡುವ ಹಕ್ಕಿಗಳಿಗೆ ಆಸರೆಯಾಗುತ್ತದೆ. ಒಳಗೆ ಬಣ್ಣವೂ ಬೇಡ. ಮಧ್ಯಾಹ್ನದ ಬಿಸಿಲು ಬೀಳದ ಸೂರಿನ ಕೆಳಗೆ, 10 ಅಡಿ ಎತ್ತರದಲ್ಲಿ ತೂಗುಹಾಕಿ.

ಕೆಲಸ ಹಂಚುವಾಗ ಮಗಳಿಗೆ ಉಪ್ಪುಕಾಗದ ಮಾತ್ರ ಕೊಟ್ಟು ಕೂರಿಸಬೇಡಿ, ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾಳೆ. ಮೂಲೆಮಟ್ಟ ಇಟ್ಟು ಗೆರೆ ಎಳೆಯುವುದು, ಸ್ಕ್ರೂ ತಿರುಗಿಸುವುದು ಅವಳಿಂದ ಆಗುತ್ತದೆ. ಹಲಗೆಯನ್ನು ಮೇಜಿಗೆ ಎರಡು ಜಿ-ಕ್ಲ್ಯಾಂಪ್ ಹಾಕಿ ಬಿಗಿದರೆ ಮಗ ಕೈಗರಗಸ ಹಿಡಿಯಬಹುದು. ಕೈಯಲ್ಲೇ ಹಿಡಿದುಕೊಂಡ ಹಲಗೆ ಜಾರುತ್ತದೆ, ಗಾಯಗಳು ಆಗುವುದು ಹೆಚ್ಚಾಗಿ ಆಗಲೇ. ಡ್ರಿಲ್ ದೊಡ್ಡವರ ಕೈಯಲ್ಲೇ ಇರಲಿ.

ಪ್ರಶ್ನೆ: ಯಾವ ಮರ ಕೊಳ್ಳಬೇಕು? ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಆಗುತ್ತದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಆಗುತ್ತದೆ, ಕಲಿಯಲು ಅದೇ ಒಳ್ಳೆಯದು. ಪೈನ್ ಮೆದು, ಗರಗಸಕ್ಕೆ ಬೇಗ ಬಗ್ಗುತ್ತದೆ. ಆದರೆ ಹಲಗೆಯ ಮೇಲಿನ ಮುದ್ರೆ ಓದಿ: ಎಚ್‌ಟಿ ಎಂದಿದ್ದರೆ ಬಿಸಿಯಿಂದ ಕೀಟ ಕೊಂದದ್ದು, ತರಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಮನೆಗೆ ಬೇಡ. ಎಣ್ಣೆ, ರಾಸಾಯನಿಕದ ಕಲೆ ಇದ್ದರೂ ಬಿಟ್ಟುಬಿಡಿ. ಕೊಯ್ಯುವ ಮುಂಚೆ ಅಯಸ್ಕಾಂತ ಆಡಿಸಿ ಮುರಿದ ಮೊಳೆ ಹುಡುಕಿ.

ಕೊಡಗು, ಚಿಕ್ಕಮಗಳೂರಿನ ಕಡೆಯವರಿಗೆ ಕಾಫಿ ತೋಟದ ನೆರಳಿನ ಮರವಾದ ಸಿಲ್ವರ್ ಓಕ್ ಸಾಮಿಲ್‌ನಲ್ಲಿ ಸಿಗುತ್ತದೆ. ಹಸಿಯದ್ದು ತಂದರೆ ತಿರುಚಿಕೊಳ್ಳುವುದು ಖಂಡಿತ, ಒಣಗಿದ್ದನ್ನೇ ಕೇಳಿ. ತೇಗ ಈಗಲೇ ಬೇಡ. ಎಂಡಿಎಫ್ (ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ) ನೀರು ಕುಡಿದು ಉಬ್ಬುತ್ತದೆ, ಅದರ ನುಣ್ಣನೆಯ ಧೂಳು ಮಕ್ಕಳ ಉಸಿರಿಗೆ ಒಳ್ಳೆಯದಲ್ಲ.

ಪ್ರಶ್ನೆ: ಅಪ್ಪನೂ ನಾನೂ ಸೇರಿ ಊಟದ ಮಣೆ ಮಾಡಿದೆವು. ಸ್ಕ್ರೂ ಹಾಕುವಾಗ ಅಡಿಪಟ್ಟಿಯ ತುದಿ ಸೀಳಿತು. ಇನ್ನೊಂದು ಮಳೆಗಾಲ ಕಳೆದ ಮೇಲೆ ನಡುವೆಯೇ ಬಿರುಕು ಬಿಟ್ಟಿತು. ಏಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ಎರಡಕ್ಕೂ ಕಾರಣ ಬೇರೆ. ತುದಿ ಸೀಳಿದ್ದು ಸ್ಕ್ರೂವಿಗೆ ಮೊದಲೇ ದಾರಿ ಮಾಡದಿದ್ದಕ್ಕೆ. 4 ಮಿ.ಮೀ. ಸ್ಕ್ರೂವಿಗೆ ಸ್ಕ್ರೂ ಕಚ್ಚುವ ಮರದಲ್ಲಿ 2.5 ಮಿ.ಮೀ. ತೂತು (ಗಟ್ಟಿ ಮರವಾದರೆ 3), ಅದು ಹಾದುಹೋಗುವ ಪಟ್ಟಿಯಲ್ಲಿ 4.5. ತುದಿಯಿಂದ 25 ಮಿ.ಮೀ. ಆದರೂ ಬಿಡಿ.

ನಡುವಿನ ಬಿರುಕಿಗೆ ಕಾರಣ ಅಂಟು. ಹಲಗೆ ಉದ್ದಕ್ಕೆ ಬೆಳೆಯುವುದಿಲ್ಲ, ಅಗಲಕ್ಕೆ ಬೆಳೆಯುತ್ತದೆ: 300 ಮಿ.ಮೀ. ಅಗಲದ ಮಣೆ ಮಳೆಗಾಲಕ್ಕೂ ಬೇಸಿಗೆಗೂ 2–3 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅಡಿಯ ಅಡ್ಡಪಟ್ಟಿಗೆ ಉದ್ದಕ್ಕೂ ಅಂಟು ಹಚ್ಚಿದ್ದರೆ ಪಟ್ಟಿ ಅದನ್ನು ಬಿಡುವುದಿಲ್ಲ. ಒಣಗಿ ಕುಗ್ಗುವಾಗ ಹಲಗೆಯೇ ಸೀಳುತ್ತದೆ. ಅಂಟು ನಡುವೆ 40 ಮಿ.ಮೀ. ಜಾಗಕ್ಕೆ ಮಾತ್ರ ಸಾಕು. ಎರಡು ತುದಿಯ ಸ್ಕ್ರೂಗಳಿಗೆ ಪಟ್ಟಿಯಲ್ಲಿ ಮಣೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು ಮಾಡಿ, ಸ್ಕ್ರೂ ತಲೆಯಡಿ ವಾಷರ್ ಹಾಕಿ. ಈಗಿನ ಮಣೆಯನ್ನು ಉಳಿಸಬೇಕೆಂದರೆ ಪಟ್ಟಿ ಬಿಚ್ಚಿ, ಬಿರುಕಿಗೆ ಅಂಟು ತುಂಬಿ ಕ್ಲ್ಯಾಂಪ್ ಬಿಗಿದು, ಒಂದು ದಿನ ಬಿಟ್ಟು ಪಟ್ಟಿಯನ್ನು ಹೀಗೆ ಕೂರಿಸಿ.

ಪ್ರಶ್ನೆ: ಹೊರಗಿಡುವ ವಸ್ತುವಿಗೆ ಸಾಮಾನ್ಯ ಫೆವಿಕಾಲ್ ಸಾಕೇ? ಮೇಲೆ ಅಗಸೆ ಎಣ್ಣೆ ಹಚ್ಚಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಮಳೆ ತಾಗುವುದಾದರೆ ಸಾಲದು, ಅದೇ ಬ್ರ್ಯಾಂಡಿನ ಮರೀನ್ ಕೊಳ್ಳಿ. ಅಗಸೆ ಎಣ್ಣೆ ಹಚ್ಚಬಹುದು, ತೆಳುವಾಗಿ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ: ಎಣ್ಣೆ ಒಣಗುವಾಗ ಹುಟ್ಟುವ ಬಿಸಿ ಮುದ್ದೆಯೊಳಗೆ ಸಿಕ್ಕಿಕೊಂಡು ತಾನಾಗಿ ಬೆಂಕಿ ಹೊತ್ತಬಹುದು. ಅಂಗಳದ ತಂತಿಯ ಮೇಲೆ ಬಿಡಿಸಿ ಹರವಿ, ಗರಿಗರಿಯಾದ ಮೇಲೆ ಕಸಕ್ಕೆ ಹಾಕಿ.